ಯಾರ ಹಡಗು ಬರುತ್ತದೆ ಎಂದು ಲೆಕ್ಕ ಹಾಕಿ ಕೂತಿದ್ದೆ

ಕುಶಾಲನಗರದ ಒಂದು ಕಾಫಿ ರಫ್ತು ಆಫೀಸಿನಲ್ಲಿ ನನ್ನದು ಶಿಪ್ಪಿಂಗ್ ಕೆಲಸ. ಕ್ಯೂರಿಂಗ್ ಆದ ಕಾಫಿಯನ್ನು 60 ಕಿಲೋ ಮೂಟೆ ಕಟ್ಟಿಸಬೇಕು. ಒಂದು ಕಂಟೇನರ್‌ಗೆ 320 ಮೂಟೆ ತುಂಬಿಸಿ ಮಂಗಳೂರಿಗೋ ಕೊಚ್ಚಿಗೋ ಕಳಿಸಬೇಕು. ಹೆಚ್ಚಿನ ಮಾಲು ಇಟಲಿಗೆ. ಭಾರತದ ಕಾಫಿಯನ್ನು ಜಾಸ್ತಿ ಕೊಳ್ಳುವವರೇ ಅವರು.

ಇಲ್ಲಿಂದ ಇಟಲಿಗೆ ಹತ್ತಿರದ ದಾರಿ ಎಂದರೆ ಕೆಂಪು ಸಮುದ್ರ, ಆಮೇಲೆ ಸೂಯೆಜ್ ಕಾಲುವೆ. ಕೆಂಪು ಸಮುದ್ರದ ಬಾಗಿಲಲ್ಲಿ ಬಾಬ್ ಎಲ್-ಮಂದೆಬ್ ಜಲಸಂಧಿ ಇದೆ. ಆ ಕಡೆ ಯೆಮೆನ್, ಈ ಕಡೆ ಆಫ್ರಿಕಾದ ಜಿಬೂಟಿ. ಕಿರಿದಾದ ಜಾಗದಲ್ಲಿ ಅಗಲ ಸುಮಾರು 30 ಕಿ.ಮೀ. ಹೆಚ್ಚುಕಡಿಮೆ ಕುಶಾಲನಗರದಿಂದ ಮಡಿಕೇರಿಗೆ ಹೋದಷ್ಟು. ಬಸ್ಸಿನಲ್ಲಿ ಹೋಗುವಾಗೆಲ್ಲ ಈಗ ಅದೇ ನೆನಪಾಗುತ್ತದೆ.

2023ರ ನವೆಂಬರ್ 19ರಂದು ಯೆಮೆನ್‌ನ ಬಂಡುಕೋರರಾದ ಹೌತಿಗಳು, ಗಾಜಾದವರ ಪರ ಎಂದು ಹೇಳಿಕೊಂಡು, ಹೆಲಿಕಾಪ್ಟರ್‌ನಲ್ಲಿ ಇಳಿದು ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನೇ ಎತ್ತಿಕೊಂಡು ಹೋದರು. ಡಿಸೆಂಬರ್ ಮಧ್ಯದ ಹೊತ್ತಿಗೆ ದೊಡ್ಡ ದೊಡ್ಡ ಹಡಗು ಕಂಪನಿಗಳು ಆ ದಾರಿ ಬಿಟ್ಟವು. ಡಿಸೆಂಬರ್ 18ಕ್ಕೆ ಅಮೆರಿಕ ಅಲ್ಲಿನ ಹಡಗುಗಳನ್ನು ಕಾಯಲು ಹಲವು ದೇಶಗಳ ಒಂದು ಕೂಟ ಘೋಷಿಸಿತು, ‘ಪ್ರಾಸ್ಪರಿಟಿ ಗಾರ್ಡಿಯನ್’ ಅಂತ. ಮರುದಿನ ಬೆಳಿಗ್ಗೆ ಯಜಮಾನರು ಪೇಪರ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. “ಯಾರ್ಯಾರು ಯುದ್ಧನೌಕೆ ಕಳಿಸ್ತಾರೆ ನೋಡಿ ಹೇಳಪ್ಪ. ಹೊಸ ಬೆಳೆ ಸೂಯೆಜ್ ಮೇಲೆ ಕಳಿಸೋದಾ, ಆಫ್ರಿಕಾ ಸುತ್ತಿಸೋದಾ?”

ಆಫ್ರಿಕಾ ಸುತ್ತಿದರೆ ಹತ್ತು ಹದಿನಾಲ್ಕು ದಿನ ಜಾಸ್ತಿ. ಹೊಸ ಬೆಳೆಯ ಆ ಆರ್ಡರ್‌ಗಳಲ್ಲಿ ಸಾಗಣೆ ಖರ್ಚು ನಮ್ಮದೇ. ಮಾಲು ತಲುಪಿದ ಮೇಲೆಯೇ ದುಡ್ಡು.

ನಾನು ಎಕ್ಸೆಲ್ ತೆಗೆದೆ. ಒಂದೊಂದು ದೇಶಕ್ಕೆ ಒಂದೊಂದು ಸಾಲು, ಹತ್ತಕ್ಕೆ ಇಷ್ಟು ಅಂಕ. ನನ್ನ ಸೂತ್ರ ಸರಳವಾಗಿತ್ತು: ಯಾರಿಗೆ ನಷ್ಟ ಜಾಸ್ತಿಯೋ ಅವರು ಬರುತ್ತಾರೆ, ಕೂಟದ ಪಟ್ಟಿಯಲ್ಲಿ ಹೆಸರಿದ್ದರಂತೂ ಖಂಡಿತ. ಸೂಯೆಜ್ ಆದಾಯ ನಂಬಿಕೊಂಡ ಈಜಿಪ್ಟ್‌ಗೆ 8. ಪಕ್ಕದ ಸೌದಿಗೆ 7. ಪಟ್ಟಿಯಲ್ಲಿದ್ದ ಸ್ಪೇನ್‌ಗೆ 8. ಜಿಬೂಟಿಯಲ್ಲಿ ನೆಲೆಯೇ ಇರುವ ಚೀನಾಕ್ಕೆ 6. ನಮ್ಮ ದೇಶಕ್ಕೆ 7, ಅಭಿಮಾನ ಬೇರೆ ಇತ್ತಲ್ವಾ.

ಒಂದು ವಾರದಲ್ಲೇ ಶೀಟ್ ಹರಿದುಹೋಯಿತು. ಸ್ಪೇನ್ ನಾವು ಬರುವುದಿಲ್ಲ ಎಂದಿತು. ಇಟಲಿ ಫ್ರಿಗೇಟ್ ಎಂಬ ಬಗೆಯ ಯುದ್ಧನೌಕೆ ಕಳಿಸಿತು, ಆದರೆ ಅಮೆರಿಕದ ಕೂಟದಡಿ ಅಲ್ಲ, ತನ್ನದೇ ಲೆಕ್ಕದಲ್ಲಿ. ಫ್ರಾನ್ಸ್‌ನದ್ದೂ ಅದೇ ಮಾತು, ನಮ್ಮ ಹಡಗು ನಮ್ಮ ಅಪ್ಪಣೆಯಲ್ಲೇ ಇರುತ್ತದೆ ಅಂತ. ನಾರ್ವೆ ಕಳಿಸಿದ್ದು ಹಡಗನ್ನಲ್ಲ, ಕೆಲವು ಅಧಿಕಾರಿಗಳನ್ನು. ಆಸ್ಟ್ರೇಲಿಯವೂ ಬರೀ ಜನ ಕೊಟ್ಟಿತು. ಪಟ್ಟಿಯಲ್ಲಿದ್ದ ಒಂದೇ ಅರಬ್ ದೇಶ ಬಹ್ರೇನ್, ಅಮೆರಿಕದ ಐದನೇ ನೌಕಾಪಡೆಯ ಮುಖ್ಯ ಕಚೇರಿ ಇರುವುದೇ ಅಲ್ಲಿ. ಈಜಿಪ್ಟ್ ಕೂತಲ್ಲಿಂದ ಏಳಲಿಲ್ಲ. 2023ರಲ್ಲಿ 10 ಬಿಲಿಯನ್ ಡಾಲರ್ ದಾಟಿದ್ದ ಅದರ ಸೂಯೆಜ್ ಆದಾಯ 2024ರಲ್ಲಿ 4 ಬಿಲಿಯನ್ ಆಸುಪಾಸಿಗೆ ಬಿತ್ತು, ಆದರೂ ಏಳಲಿಲ್ಲ. ಗಾಜಾ ಯುದ್ಧದ ನಡುವೆ ಆ ಕೂಟದಲ್ಲಿ ಕಾಣಿಸಿಕೊಳ್ಳುವುದು ಅರಬ್ ದೇಶಗಳಿಗೆ ಎಷ್ಟು ಕಷ್ಟ ಎಂಬುದಕ್ಕೆ ನನ್ನ ಶೀಟಿನಲ್ಲಿ ಕಾಲಮ್ಮೇ ಇರಲಿಲ್ಲ. ಸೌದಿಯೋ, ಹೌತಿಗಳ ಜೊತೆ ಶಾಂತಿ ಮಾತುಕತೆಯಲ್ಲಿತ್ತು.

ನಮ್ಮ ಮನೆ ಪಕ್ಕ ನೇವಿಯಿಂದ ರಿಟೈರ್ ಆದ ಅಂಕಲ್ ಒಬ್ಬರಿದ್ದಾರೆ. ಕೊಡಗಿನಲ್ಲಿ ಮಿಲಿಟರಿಯವರಿಗೆ ಬರವಿಲ್ಲ, ಆದರೆ ನೇವಿಯವರು ಅಪರೂಪ. ಒಂದು ಭಾನುವಾರ ಅವರಿಗೆ ಶೀಟ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಇದರಲ್ಲಿ ಹಡಗು ಎಲ್ಲಿದೆ ಮಾರಾಯ? ಬರೀ ದೇಶಗಳೇ ಇದಾವಲ್ಲ” ಎಂದರು.

ಆಮೇಲೆ ಕೇಳಿದ್ದು ನಾಲ್ಕೇ ಪ್ರಶ್ನೆ. ಯಾವ ಹಡಗು, ಹೆಸರು ಹೇಳು. ಇವತ್ತು ಅದು ಎಲ್ಲಿದೆ? ಯಾರ ಅಪ್ಪಣೆಯಲ್ಲಿ ಹೋಗುತ್ತದೆ? ಯಾವಾಗ ವಾಪಸ್ ಬರಬೇಕು? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಅವರು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಕಪ್ಪು ಸಮುದ್ರಕ್ಕೆ ಹೋಗುವ ಜಲಸಂಧಿಯಾದ ಟರ್ಕಿಯ ಬಾಸ್ಪೊರಸ್‌ನಲ್ಲಾದರೆ 1936ರ ಮಾಂಟ್ರೊ ಒಪ್ಪಂದವಿದೆ. ಯುದ್ಧನೌಕೆ ಬರುವ ಮೊದಲೇ ಟರ್ಕಿಗೆ ತಿಳಿಸಬೇಕು, ಕಪ್ಪು ಸಮುದ್ರದ ಹೊರಗಿನ ದೇಶದವರು 21 ದಿನಕ್ಕಿಂತ ಹೆಚ್ಚು ಒಳಗೆ ಇರುವಂತಿಲ್ಲ. ಅಲ್ಲಿ ಅಂದಾಜು ಸುಲಭ, ಕಾಯಿದೆ ಓದಿದರೆ ಅರ್ಧ ಉತ್ತರ ಸಿಗುತ್ತದೆ. ಬಾಬ್ ಎಲ್-ಮಂದೆಬ್ ಎಲ್ಲರಿಗೂ ತೆರೆದ ದಾರಿ. ಯಾರು ಬೇಕಾದರೂ ಹೋಗಬಹುದು. ಹಾಗಾಗಿ ಯಾರೂ ಹೋಗಲೇಬೇಕೆಂದಿಲ್ಲ.

ಇದು ನಮಗೆ ಗೊತ್ತಿಲ್ಲದ್ದೇನಲ್ಲ. ತೋಟಕ್ಕೆ ಆನೆ ನುಗ್ಗಿದ ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಇಪ್ಪತ್ತು ಜನ ‘ಬಂದೆವು’ ಎನ್ನುತ್ತಾರೆ. ಬರುವವರು ಮೂರು ಜನ. ಯಾರ ಜೀಪು ಆಗಲೇ ರಸ್ತೆಯಲ್ಲಿತ್ತೋ ಅವರು.

ಶೀಟನ್ನು ಹೊಸದಾಗಿ ಮಾಡಿದೆ. ಭಾಷಣ, ಹೇಳಿಕೆ ಎಲ್ಲ ತೆಗೆದೆ. ಹಡಗಿನ ಹೆಸರು ಬರೆಯಲಾಗದ ದೇಶಕ್ಕೆ 3ಕ್ಕಿಂತ ಜಾಸ್ತಿ ಕೊಡುವುದಿಲ್ಲ ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಬರೆದ ತಾರೀಖನ್ನೂ ಪಕ್ಕದಲ್ಲಿ ಹಾಕಿದೆ, ಇಲ್ಲದಿದ್ದರೆ ಆಮೇಲೆ ‘ನಾನು ಆಗಲೇ ಹೇಳಿದ್ದೆ’ ಎನ್ನುವ ಚಪಲ ಬಂದುಬಿಡುತ್ತದೆ.

ಈ ಸಲ ಪರವಾಗಿಲ್ಲ ಎನ್ನುವಂತೆ ಬಂತು. ಜರ್ಮನಿಯ ಸಂಸತ್ತು ಒಪ್ಪಿಗೆ ಕೊಟ್ಟದ್ದು 2024ರ ಫೆಬ್ರವರಿ 23ರಂದು. ಹೆಸ್ಸೆನ್ ಎಂಬ ಫ್ರಿಗೇಟ್ ಬಂದರು ಬಿಟ್ಟದ್ದು ಫೆಬ್ರವರಿ 8ಕ್ಕೇ. ಹಡಗು ಹೊರಟಾಗಿತ್ತು, ಒಪ್ಪಿಗೆ ಹಿಂದಿನಿಂದ ಬಂತು. ನಾನು ಹಡಗನ್ನು ನೋಡಿ 9 ಕೊಟ್ಟಿದ್ದೆ. ಫೆಬ್ರವರಿ 19ಕ್ಕೆ ಯುರೋಪಿಯನ್ ಒಕ್ಕೂಟದ ‘ಆಸ್ಪಿಡೆಸ್’ ಎಂಬ ನೌಕಾ ಕಾವಲು ಶುರುವಾದಾಗ ಇಟಲಿ, ಫ್ರಾನ್ಸ್, ಗ್ರೀಸ್ ಕೂಡ ನನ್ನ ಲೆಕ್ಕದಂತೆ ಬಂದವು. ಸ್ಪೇನ್ ಇದಕ್ಕೂ ಬರಲಿಲ್ಲ, ಈ ಸಲ ನಾನು 2 ಕೊಟ್ಟಿದ್ದೆ. ಬೆಲ್ಜಿಯಂ ಕೂಡ ಬಂತು, ಅದು ಮಾತ್ರ ನನ್ನ ಪಟ್ಟಿಯಲ್ಲೇ ಇರಲಿಲ್ಲ.

ನಮ್ಮ ದೇಶದ ಸಾಲನ್ನು ಮೂರಾಗಿ ಮಾಡಬೇಕಾಯಿತು. ಭಾರತ ಅಮೆರಿಕದ ಕೂಟಕ್ಕೆ ಸೇರಲಿಲ್ಲ. ಹಾಗಂತ ಸುಮ್ನೆ ಕೂರಲೂ ಇಲ್ಲ. ಅರಬ್ಬಿ ಸಮುದ್ರದಲ್ಲಿ, ಏಡನ್ ಕೊಲ್ಲಿಯಲ್ಲಿ ಹತ್ತಕ್ಕಿಂತ ಹೆಚ್ಚು ಹಡಗು ಇಟ್ಟಿತು. ಜನವರಿ ಕೊನೆಯಲ್ಲಿ ಮಾರ್ಲಿನ್ ಲುವಾಂಡಾ ಎಂಬ ತೈಲ ಹಡಗಿಗೆ ಬೆಂಕಿ ಬಿದ್ದಾಗ ಆರಿಸಲು ಹೋದದ್ದು ನಮ್ಮ ಐಎನ್‌ಎಸ್ ವಿಶಾಖಪಟ್ಟಣಂ. ಕೂಟಕ್ಕೆ ಸೇರುವುದು ಬೇರೆ, ಹಡಗು ಕಳಿಸುವುದು ಬೇರೆ, ಆ ಜಲಸಂಧಿಯ ಒಳಗೆ ಬೇರೆಯವರ ಹಡಗಿಗೆ ಕಾವಲು ಹೋಗುವುದು ಇನ್ನೂ ಬೇರೆ. ಮೂರನ್ನೂ ಒಂದೇ ಅಂಕದಲ್ಲಿ ತುರುಕಿದ್ದೆ ನಾನು.

ಇಷ್ಟೆಲ್ಲ ಸರಿಬಂದ ಖುಷಿಯಲ್ಲಿ ದೊಡ್ಡ ತಪ್ಪು ಮಾಡಿದೆ. ಯುರೋಪಿನ ಹಡಗುಗಳು ಬಂದಾಯಿತು, ಇನ್ನು ಸೂಯೆಜ್ ದಾರಿ ತೆರೆದಂತೆಯೇ ಎಂದು ಯಜಮಾನರಿಗೆ ಹೇಳಿದೆ. ರೋಬಸ್ಟಾ ಚೆರಿಯ ಎರಡು ಕಂಟೇನರ್‌ಗೆ ಸೂಯೆಜ್ ಲೆಕ್ಕದ ತಾರೀಖನ್ನೇ ಗ್ರಾಹಕರಿಗೆ ಕೊಟ್ಟೆ. ಮಾರ್ಚ್ 6ಕ್ಕೆ ಟ್ರೂ ಕಾನ್ಫಿಡೆನ್ಸ್ ಹಡಗಿನ ಮೇಲೆ ಕ್ಷಿಪಣಿ ಬಿತ್ತು. ಮೂವರು ಸತ್ತರು, 21 ಜನರನ್ನು ಐಎನ್‌ಎಸ್ ಕೋಲ್ಕತ್ತ ಕಾಪಾಡಿತು. ನಮ್ಮ ಕಂಟೇನರ್ ಹೊತ್ತ ಕಂಪನಿ ಹಡಗನ್ನು ಆಫ್ರಿಕಾ ಸುತ್ತಿ, ಗುಡ್ ಹೋಪ್ ಭೂಶಿರದ ಮೇಲೆಯೇ ಕಳಿಸಿತು. ಮಾಲು ಎರಡು ವಾರ ತಡವಾಯಿತು. ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಯಿತು.

ಯಜಮಾನರು ಬೈಯಲಿಲ್ಲ. “ನೌಕೆ ಬಗ್ಗೆ ನಾನೇ ಅಲ್ವಾ ಕೇಳಿದ್ದು” ಎಂದರಷ್ಟೆ. ಅದು ಬೈದದ್ದಕ್ಕಿಂತ ಜಾಸ್ತಿ ಚುಚ್ಚಿತು. ನೌಕೆ ಬರುವುದಕ್ಕೂ ಕಂಟೇನರ್ ಹಡಗು ವಾಪಸ್ ಅದೇ ದಾರಿ ಹಿಡಿಯುವುದಕ್ಕೂ ನಡುವೆ ಇನ್ನೊಬ್ಬ ಕೂತಿದ್ದಾನೆ, ವಿಮೆಯವನು. ಮೊದಲು ಹಡಗಿನ ಬೆಲೆಯ ಶೇ 0.1 ಕೂಡ ಇರದಿದ್ದ ಯುದ್ಧ ವಿಮೆ ಶೇ 1ರ ಹತ್ತಿರ ಹೋಗಿತ್ತು. ನಾಲ್ಕು ಫ್ರಿಗೇಟ್ ಕಂಡ ಮಾತ್ರಕ್ಕೆ ಅದು ಇಳಿಯುವುದಿಲ್ಲ. ನಾನು ಸಂಜೆಯೆಲ್ಲ ಕೂತು ಯುದ್ಧನೌಕೆಗಳ ಹೆಸರು ಹುಡುಕುತ್ತಿದ್ದಾಗ ಆ ದರವನ್ನು ಒಂದು ಫೋನಿನಲ್ಲಿ ಕೇಳಬಹುದಿತ್ತು.

ಈಗ ಶೀಟಿನ ಮೊದಲ ಕಾಲಮ್ ವಿಮೆ ದರ, ಎರಡನೆಯದು ಯಾವ ಕಂಪನಿಯ ಕಂಟೇನರ್ ಹಡಗು ಹೋದ ವಾರ ನಿಜಕ್ಕೂ ಆ ದಾರಿಯಲ್ಲಿ ಹೋಯಿತು ಎಂಬುದು. ಯುದ್ಧನೌಕೆಗಳು ಮೂರನೆಯದರಲ್ಲಿವೆ, ಅಂಕಲ್ ಬಂದಾಗ ಮಾತಾಡಲು ಬೇಕಲ್ಲ. ಮೊದಲ ಶೀಟನ್ನು ಅಳಿಸಬೇಕು ಎಂದಿದ್ದೆ, ಯಜಮಾನರು ಬಿಡಲಿಲ್ಲ. ಆಫೀಸಿಗೆ ಹೊಸ ಹುಡುಗರು ಸೇರಿದಾಗಲೆಲ್ಲ ಅದನ್ನು ತೆಗೆಸಿ, ಸ್ಪೇನ್ ಮುಂದಿನ ಆ 8ರ ಮೇಲೆ ಬೆರಳಿಡುತ್ತಾರೆ.