ಕ್ವಾರ್ಟರ್‌ಬ್ಯಾಕ್ ಲೆಕ್ಕದ ಹಾಳೆ: ಮೂರನೆಯ ವಾರ

ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ತಂಡಗಳನ್ನು ಗೆಲ್ಲಿಸುವ ಕ್ವಾರ್ಟರ್‌ಬ್ಯಾಕ್‌ಗಳು ಡ್ರಾಫ್ಟಿನ ಯಾವ ಸುತ್ತಿನಲ್ಲಿ ಸಿಗುತ್ತಾರೆ ಎಂದು ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕುವ ಕೆಲಸ ಈ ವಾರ ಒಂದು ಹಂತಕ್ಕೆ ಬಂದಿದೆ. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡೆಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ. ಡ್ರಾಫ್ಟ್ ಎಂದರೆ ಹೊಸ ಆಟಗಾರರನ್ನು ತಂಡಗಳು ಪ್ರತಿ ವರ್ಷ ಸರದಿಯಂತೆ ಆರಿಸಿಕೊಳ್ಳುವ ಕ್ರಮ, ಎಲ್ಲ ತಂಡಗಳ ಸರದಿ ಮುಗಿದರೆ ಒಂದು ಸುತ್ತು. ಯಶಸ್ಸು ಎಂದರೇನು ಎಂಬ ಜಿಜ್ಞಾಸೆಯಲ್ಲೇ ಮೊದಲ ವಾರ ಕಳೆದುಹೋದದ್ದರಿಂದ, ಒರಟಾದರೂ ತಕರಾರಿಗೆ ಎಡೆಯಿಲ್ಲದ ಅಳತೆಗೋಲನ್ನೇ ಹಿಡಿದೆ: 2001ರಿಂದ 2025ರವರೆಗೆ ನಡೆದ, ಲೀಗಿನ ವಾರ್ಷಿಕ ಅಂತಿಮ ಪಂದ್ಯಗಳಾದ 25 ಸೂಪರ್ ಬೌಲ್‌ಗಳಲ್ಲಿ ಗೆದ್ದ ತಂಡದ ಪರವಾಗಿ ಆಟ ಆರಂಭಿಸಿದ ಕ್ವಾರ್ಟರ್‌ಬ್ಯಾಕ್ ಯಾರು, ಡ್ರಾಫ್ಟಿನಲ್ಲಿ ಅವರು ಎಷ್ಟನೆಯವರಾಗಿ ಆಯ್ಕೆಯಾಗಿದ್ದರು ಎಂಬುದಷ್ಟೇ ಲೆಕ್ಕ.

ಆಟಗಳು 25 ಇದ್ದರೂ ಹೆಸರುಗಳು ಹದಿನಾಲ್ಕೇ. ಅವರಲ್ಲಿ ಎಂಟು ಮಂದಿ ಮೊದಲ ಸುತ್ತಿನವರು. ಅವರ ಗೆಲುವುಗಳು 13. ಎರಡನೆಯ ಸುತ್ತಿನಿಂದ ಡ್ರೂ ಬ್ರೀಸ್ ಮತ್ತು ಜೇಲೆನ್ ಹರ್ಟ್ಸ್, ಮೂರನೆಯದರಿಂದ ರಸೆಲ್ ವಿಲ್ಸನ್ ಮತ್ತು ನಿಕ್ ಫೋಲ್ಸ್ ತಲಾ ಒಂದೊಂದು ಗೆದ್ದಿದ್ದಾರೆ. 2000ದ ಆರನೆಯ ಸುತ್ತಿನಲ್ಲಿ 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿ ಒಬ್ಬರೇ ಏಳು ಗೆದ್ದಿರುವುದರಿಂದ, ಆ ಒಂದು ಸಾಲನ್ನು ಅಳಿಸಿದರೆ ‘ಕೊನೆಯ ಸುತ್ತುಗಳಲ್ಲೂ ಮುತ್ತು ಸಿಗುತ್ತದೆ’ ಎಂಬ ಮಾತಿಗೆ ಆಧಾರವಾಗಿ ಉಳಿಯುವುದು ಬ್ರ್ಯಾಡ್ ಜಾನ್ಸನ್ ಅವರ ಒಂದೇ ಗೆಲುವು.

ಆ ಜಾನ್ಸನ್ ಅವರೇ ನನ್ನ ಹಾಳೆಯನ್ನು ಕೆಡಿಸಿದವರು. ಈಗಿನ ಡ್ರಾಫ್ಟಿನಲ್ಲಿ ಏಳೇ ಸುತ್ತುಗಳಿರುವುದರಿಂದ, ಸುತ್ತಿನ ಕಾಲಂ 1ರಿಂದ 7ರವರೆಗಿನ ಅಂಕಿಗಳನ್ನು ಮಾತ್ರ ಒಪ್ಪಿಕೊಳ್ಳುವಂತೆ ಮಾಡಿಟ್ಟಿದ್ದೆ. 9 ಎಂದು ಒತ್ತಿದೊಡನೆ ಕೆಂಪು ಎಚ್ಚರಿಕೆ ಬಂತು. 1992ರ ಡ್ರಾಫ್ಟಿನಲ್ಲಿ ಹನ್ನೆರಡು ಸುತ್ತುಗಳಿದ್ದವು, ಅವರು ಒಂಬತ್ತನೆಯ ಸುತ್ತಿನಲ್ಲಿ 227ನೆಯವರಾಗಿದ್ದರು. ಬ್ರೀಸ್ ಅವರದು ಇನ್ನೊಂದು ತೊಡಕು. 2001ರಲ್ಲಿ ಲೀಗಿನಲ್ಲಿದ್ದ ತಂಡಗಳು 31, ಹಾಗಾಗಿ 32ನೆಯ ಆಯ್ಕೆಯಾದ ಅವರು ಎರಡನೆಯ ಸುತ್ತಿಗೆ ಬೀಳುತ್ತಾರೆ. ತಂಡಗಳು 32 ಇದ್ದ 2018ರಲ್ಲಿ ಅದೇ 32ನೆಯ ಸ್ಥಾನದಲ್ಲಿ ಆಯ್ಕೆಯಾದ ಲಮಾರ್ ಜಾಕ್ಸನ್ ಮೊದಲ ಸುತ್ತಿನವರು. ಸುತ್ತಿನ ಕಾಲಂ ಅನ್ನೇ ಕಿತ್ತುಹಾಕಿ ಕ್ರಮಸಂಖ್ಯೆಯನ್ನು ಮಾತ್ರ ಇಟ್ಟುಕೊಂಡೆ. ಈಗ ಮೊದಲ 32ರೊಳಗಿನವರು ಒಂಬತ್ತು ಮಂದಿ, ಗೆಲುವುಗಳು 14.

ಆರಿಸಿದ ತಂಡ ಯಾವುದು, ಗೆದ್ದ ತಂಡ ಯಾವುದು ಎಂಬ ಎರಡು ಕಾಲಂಗಳನ್ನು ಸುಮ್ಮನೆ ಸೇರಿಸಿದ್ದೆ. ಈ ವಾರದ ನಿಜವಾದ ಫಲ ದೊರೆತದ್ದು ಅಲ್ಲಿಯೇ. ಮೊಟ್ಟಮೊದಲ ಆಯ್ಕೆಯಾಗಿದ್ದ ಮೂವರು ಒಟ್ಟು ಐದು ಬಾರಿ ಗೆದ್ದಿದ್ದರೂ, ತಮ್ಮನ್ನು ಆರಿಸಿದ ತಂಡಕ್ಕೇ ಗೆದ್ದುಕೊಟ್ಟದ್ದು ಒಮ್ಮೆ ಮಾತ್ರ: 2007ರಲ್ಲಿ ಕೋಲ್ಟ್ಸ್ ಪರ ಪೇಟನ್ ಮ್ಯಾನಿಂಗ್. ಅವರ ಎರಡನೆಯ ಗೆಲುವು ಬ್ರಾಂಕೋಸ್ ಪಾಲಾಯಿತು. ಪೇಟನ್ ಅವರ ತಮ್ಮ ಈಲೈ ಅವರನ್ನು 2004ರಲ್ಲಿ ಆರಿಸಿದ್ದು ಚಾರ್ಜರ್ಸ್, ಅದೇ ದಿನ ಪಡೆದುಕೊಂಡದ್ದು ಜೈಂಟ್ಸ್. ಮ್ಯಾಥ್ಯೂ ಸ್ಟ್ಯಾಫರ್ಡ್ ಲಯನ್ಸ್‌ನಲ್ಲಿ ಹನ್ನೆರಡು ಋತು ಆಡಿದ ಮೇಲೆ ರ‍್ಯಾಮ್ಸ್ ಸೇರಿ ಗೆದ್ದರು.

ಮೊದಲ ಆಯ್ಕೆಯ ಹಕ್ಕು ಸಾಮಾನ್ಯವಾಗಿ ಹಿಂದಿನ ವರ್ಷ ಕಟ್ಟಕಡೆಯಲ್ಲಿದ್ದ ತಂಡಕ್ಕೆ ಹೋಗುತ್ತದೆ, ಅಂಥ ತಂಡದಲ್ಲಿ ಹುಡುಗನನ್ನು ಎದುರಾಳಿಗಳಿಂದ ಕಾಪಾಡುವವರೇ ಇರುವುದಿಲ್ಲ ಎಂಬುದು ನನ್ನ ಊಹೆ. ಆಗಷ್ಟೇ ಲೀಗಿಗೆ ಬಂದಿದ್ದ ಟೆಕ್ಸನ್ಸ್ 2002ರಲ್ಲಿ ಮೊದಲಿಗರಾಗಿ ಆರಿಸಿದ ಡೇವಿಡ್ ಕಾರ್ ಅವರನ್ನು ಎದುರಾಳಿಗಳು ಆ ಒಂದೇ ಋತುವಿನಲ್ಲಿ 76 ಬಾರಿ ನೆಲಕ್ಕೆ ಕೆಡವಿದ್ದರು. ಇದಕ್ಕೆ ತದ್ವಿರುದ್ಧವಾಗಿ, ಹಿಂದಿನ ಋತುವಿನಲ್ಲಿ 12 ಪಂದ್ಯ ಗೆದ್ದಿದ್ದ ಚೀಫ್ಸ್ 2017ರಲ್ಲಿ 27ರಿಂದ 10ನೆಯ ಸ್ಥಾನಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಪಡೆದು, ಮೊದಲ ವರ್ಷ ಒಂದೇ ಪಂದ್ಯ ಆರಂಭಿಸಲು ಬಿಟ್ಟು, ಅನುಭವಿ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಅವರ ಬೆನ್ನಿಗೆ ಕೂರಿಸಿ ಪಳಗಿಸಿತು.

ಹಾಳೆಯಲ್ಲಿ ಇನ್ನೂ ಇರುವುದು ಗೆದ್ದವರಷ್ಟೇ. ಪ್ರತಿ ವರ್ಷ ಆಯ್ಕೆಯಾದ ಎಲ್ಲ ಕ್ವಾರ್ಟರ್‌ಬ್ಯಾಕ್‌ಗಳನ್ನೂ ಸೇರಿಸದೆ ಯಾವ ಪ್ರಮಾಣವೂ ಹೊರಡದು. ನಿನ್ನೆ ರಾತ್ರಿ 2012ರ ಹನ್ನೊಂದು ಹೆಸರುಗಳನ್ನು ತುಂಬಿಸಿದೆ. ಸೂಪರ್ ಬೌಲ್ ಗೆದ್ದವರ ಸಾಲಿಗೆ ಬರುವ ಹಸಿರು ಬಣ್ಣ ಬಂದದ್ದು ಎರಡಕ್ಕೆ, ಎರಡೂ ಮೂರನೆಯ ಸುತ್ತಿನವು: 75ನೆಯ ವಿಲ್ಸನ್, 88ನೆಯ ಫೋಲ್ಸ್. ಮೊದಲೆರಡು ಸ್ಥಾನಗಳ ಆಂಡ್ರ್ಯೂ ಲಕ್ ಮತ್ತು ರಾಬರ್ಟ್ ಗ್ರಿಫಿನ್ ಅವರ ಸಾಲುಗಳು ಬಿಳಿಯಾಗಿಯೇ ಉಳಿದಿವೆ. ಮುಂದಿನ ವಾರಕ್ಕೆ 2011.