ಅಜ್ಜಿ ಹೋದ ಮೇಲೆ ಬಿದ್ದ ಸಹಿ

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ವಕೀಲ. ಕೋರ್ಟಿಗಿಂತ ಜಾಸ್ತಿ ಹೊತ್ತು ಪತ್ರ ಬರೆಯುವುದರಲ್ಲೇ ಕಳೆಯುತ್ತದೆ. ಕ್ರಯ, ದಾನ, ವಿಭಾಗ, ವಿಲ್. ನನ್ನ ಕೈ ತಪ್ಪಿದ್ದು ಒಂದು ವಿಲ್‌ನಲ್ಲಿ. ಅದೇ ತಪ್ಪು ನಿಮ್ಮ ಮನೆಯ ಬೀರುವಿನಲ್ಲಿರುವ ಕಾಗದದಲ್ಲೂ ಇರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಆ ಅಜ್ಜಿಗೆ ಎಪ್ಪತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು. ತಾವೇ ದುಡಿದು ಕೊಂಡ ಸೈಟು, ಅದರಲ್ಲೊಂದು ಹಂಚಿನ ಮನೆ. ಇಬ್ಬರು ಗಂಡುಮಕ್ಕಳು ಬೇರೆ ಊರಿನಲ್ಲಿ. ಕೊನೆಯ ಮಗಳು ಜೊತೆಗಿದ್ದು ನೋಡಿಕೊಳ್ಳುತ್ತಿದ್ದಳು. ಮನೆ ಅವಳಿಗೇ ಆಗಬೇಕು ಅಂತ ಅಜ್ಜಿಯ ಆಸೆ. ಚೆಕ್ಕುಬಂದಿ, ಅಂದರೆ ಸೈಟಿನ ನಾಲ್ಕು ದಿಕ್ಕಿನ ಗಡಿ, ಎರಡು ಸಲ ನೋಡಿದೆ. ಖಾತೆ ನಂಬರ್ ತಾಳೆ ಹಾಕಿದೆ. ಗಂಡುಮಕ್ಕಳಿಗೆ ಯಾಕೆ ಕೊಡುತ್ತಿಲ್ಲ ಅನ್ನೋದನ್ನೂ ಅವರ ಮಾತಿನಲ್ಲೇ ಬರೆದೆ. ಓದಿ ಹೇಳಿದಾಗ ಅಜ್ಜಿ "ಹೂಂ ಸ್ವಾಮಿ, ಇದೇ ಸರಿ" ಅಂದು ಎಡಗೈ ಹೆಬ್ಬೆಟ್ಟು ಒತ್ತಿದರು. ಮಸಿ ಸೆರಗಿಗೆ ತಾಗದ ಹಾಗೆ ಮಗಳು ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿದಳು.

ಸಾಕ್ಷಿಗೆ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಬಂದಿದ್ದರು. ಇನ್ನೊಬ್ಬ ನಮ್ಮ ಆಫೀಸಿನ ಗುಮಾಸ್ತ. ಆ ಹೊತ್ತಿಗೆ ಅವನು ಯಾವುದೋ ಆಸ್ತಿಯ ಇಸಿ (ಋಣಭಾರ ಪತ್ರ) ತರಲು ಹೋಗಿದ್ದ. ಅಜ್ಜಿಗೆ ಬಸ್ಸಿನ ಹೊತ್ತಾಗಿತ್ತು. "ನೀವು ಹೊರಡಿ ಅಜ್ಜಿ, ಅವನು ಬಂದು ಹಾಕ್ತಾನೆ" ಅಂದೆ. ಸಾಯಂಕಾಲ ಬಂದವನು ನಾನು ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಕೆಳಗೆ ಬಿಕ್ಕಲಂ, ಅಂದರೆ ಪತ್ರ ಬರೆದವನು, ಅಂತ ನನ್ನ ಸಹಿ. ಯಾರು ನೋಡಿದರೂ ಪತ್ರ ಸರಿಯಾಗಿಯೇ ಇತ್ತು.

ಏಳು ವರ್ಷದ ಮೇಲೆ ಅಜ್ಜಿ ಹೋದರು. ಅಷ್ಟರಲ್ಲಿ ಮೇಷ್ಟ್ರೂ ಇರಲಿಲ್ಲ. ಗಂಡುಮಕ್ಕಳು ವಿಭಾಗಕ್ಕೆ ದಾವೆ ಹಾಕಿದರು. ಪಾಟಿ ಸವಾಲಿನಲ್ಲಿ ಎದುರು ವಕೀಲರು ಗುಮಾಸ್ತನಿಗೆ ಕೇಳಿದ್ದು ಸಣ್ಣ ಪ್ರಶ್ನೆ: "ನೀವು ಸಹಿ ಹಾಕುವಾಗ ಅಜ್ಜಿ ಎಲ್ಲಿದ್ದರು?" "ಊರಿಗೆ ಹೋಗಿದ್ದರು" ಅಂದ. ನಿಜ ಹೇಳಿದ. ಅದಕ್ಕೆ ಅವನ ಮೇಲೆ ನನಗೆ ಇವತ್ತಿಗೂ ಗೌರವ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ವಿಲ್‌ಗೆ ಕಡಿಮೆ ಅಂದರೂ ಇಬ್ಬರು ಸಾಕ್ಷಿ ಬೇಕು. ವಿಲ್ ಮಾಡುವವರು ಸಹಿ ಹಾಕಿದ್ದನ್ನು ಇಬ್ಬರೂ ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಅಂತ ಅವರಿಂದಲೇ ಕೇಳಿರಬೇಕು. ಆಮೇಲೆ ತಮ್ಮ ಸಹಿಯನ್ನು ಅವರ ಎದುರಿಗೇ ಹಾಕಬೇಕು. ಸಾಕ್ಷಿಗಳಿಬ್ಬರೂ ಒಟ್ಟಿಗೆ ಇರಲೇಬೇಕು ಅಂತಿಲ್ಲ. ವಿಲ್ ಮಾಡಿದವರು ಮಾತ್ರ ಎರಡು ಸಲವೂ ಎದುರಿಗಿರಲೇಬೇಕು. ನನ್ನ ಬಿಕ್ಕಲಂ ಕೆಲಸಕ್ಕೆ ಬರಲಿಲ್ಲ. ಪತ್ರ ಬರೆದವನು ಅಂತ ಹಾಕಿದ ಸಹಿ ಸಾಕ್ಷಿಯ ಸಹಿ ಆಗುವುದಿಲ್ಲ.

ವಿಲ್ ಬಿತ್ತು. ವಿಲ್ ಇಲ್ಲ ಅಂದ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಮೂವರು ಮಕ್ಕಳಿಗೂ ಸಮಪಾಲು. ಮಗಳು ಡಿಕ್ರಿ ಕಾಪಿ ಹಿಡಿದು ಬಂದು, "ಅಮ್ಮ ಹೆಬ್ಬೆಟ್ಟು ಒತ್ತಿದ್ದನ್ನ ನಾನೇ ನೋಡಿದ್ನಲ್ಲ ಸಾರ್" ಅಂದಳು. ತಪ್ಪು ನಂದು ಅಂತ ಹೇಳಿದೆ. ಹೇಳಿದರೆ ಮನೆ ವಾಪಸ್ ಬರುತ್ತಾ?

ರಿಜಿಸ್ಟರ್ ಮಾಡಿಸಿದ್ದರೆ ಉಳೀತಿತ್ತಾ ಅಂತ ತುಂಬಾ ಜನ ಕೇಳುತ್ತಾರೆ. ವಿಲ್‌ಗೆ ನೋಂದಣಿ ಕಡ್ಡಾಯ ಅಲ್ಲ, ಸ್ಟಾಂಪ್ ಡ್ಯೂಟಿಯೂ ಇಲ್ಲ, ಬಿಳಿ ಹಾಳೆಯೇ ಸಾಕು. ಆದರೂ ಮಾಡಿಸಿ ಅಂತಲೇ ಹೇಳುತ್ತೇನೆ, ಕಾಗದ ಕಳೆದರೂ ಆಫೀಸಿನಲ್ಲಿ ನಕಲು ಸಿಗುತ್ತದೆ. ಆದರೆ ತಕರಾರು ಬಂದರೆ ರಿಜಿಸ್ಟರ್ ಆದ ವಿಲ್‌ಗೂ ಸಾಕ್ಷಿ ಕೋರ್ಟಿಗೆ ಬಂದು ಹೇಳಲೇಬೇಕು. ಸೀಲು ಬಿದ್ದರೆ ಮುಗೀತು ಅಂದುಕೊಂಡವರಿಗೆ ಇದನ್ನು ನಂಬಿಸೋದೇ ಕಷ್ಟ.

ಈಗ ನಾನು ಮೊದಲು ಕೇಳುವುದು ಆಸ್ತಿಯನ್ನಲ್ಲ, ಸಾಕ್ಷಿ ಯಾರು ಅಂತ. ವಿಲ್ ಮಾಡುವವರಿಗಿಂತ ಚಿಕ್ಕ ವಯಸ್ಸಿನವರಾ? ಹತ್ತು ವರ್ಷ ಆದ ಮೇಲೂ ಹುಡುಕಿದರೆ ಸಿಗುತ್ತಾರಾ? ಕಟಕಟೆಯಲ್ಲಿ ನಿಂತು ಮಾತಾಡುವ ಧೈರ್ಯ ಇದೆಯಾ? ಸುಮ್ನೆ ಕೈಗೆ ಸಿಕ್ಕವರನ್ನು ಕೂರಿಸುವುದಿಲ್ಲ. ಆಸ್ತಿ ಪಡೆಯುವವರನ್ನು ಹೊರಗೆ ಕೂರಿಸುತ್ತೇನೆ. ಅವತ್ತು ಆ ಮಗಳನ್ನು ಒಳಗೆ ಬಿಟ್ಟಿದ್ದೂ ಸರಿಯಲ್ಲ. ನಮ್ಮ ಮೈಸೂರು ಸೀಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದ, 1959ರ ವರದಿಗಳಲ್ಲಿರುವ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ವಿಲ್ ಕೇಸು ನಡೆಸುವವರಿಗೆಲ್ಲ ಗೊತ್ತು. ಲಾಭ ಪಡೆಯುವವರೇ ಮುಂದೆ ನಿಂತು ವಿಲ್ ಮಾಡಿಸಿದ್ದರೆ ಅದು ಅನುಮಾನಕ್ಕೆ ಕಾರಣ, ಆ ಅನುಮಾನವನ್ನು ಅವರೇ ತೆಗೆಯಬೇಕು ಅಂತ ಅದರಲ್ಲಿದೆ.

ಹೋದ ತಿಂಗಳು ಒಬ್ಬ ಯಜಮಾನರು ತೆಂಗಿನತೋಟದ ವಿಲ್‌ಗೆ ಬಂದಿದ್ದರು. ಎರಡನೇ ಸಾಕ್ಷಿ ಬರೋದು ತಡವಾಯಿತು. "ಆಮೇಲೆ ಹಾಕಿಸ್ಕೊಳ್ಳಿ ಲಾಯರೇ, ನಾನು ಹೊರಡ್ತೀನಿ" ಅಂತ ಎದ್ದರು. ನಾನು ಬಾಯಿ ತೆಗೆಯುವ ಮುಂಚೆಯೇ ಗುಮಾಸ್ತ ಬಂದು ಅವರ ಕುರ್ಚಿ ಸರಿ ಮಾಡಿದ. "ಕೂತ್ಕೊಳ್ಳಿ ಯಜಮಾನ್ರೇ, ಕೊನೇ ಬಸ್ಸು ಏಳೂವರೆಗಿದೆ" ಅಂದ.