ಬೆನ್ನು ಮಾಡಿ ನಡೆಯುವ ಭಿಕ್ಷುಗಳು: ಬಯಲು ಮುಗಿದು ಚೀವರಕ್ಕೆ ಬಂದೆ

ಮಿನ್ ವೇ ಆಂಗ್ ಅವರ ಚಿತ್ರಗಳನ್ನು ನೋಡಿ ಕಲಿಯುವ ಕೆಲಸ ಈ ವಾರ ಒಂದು ಹಂತಕ್ಕೆ ಬಂತು. ಹಿನ್ನೆಲೆ ಮುಗಿದಿದೆ, ಮುಂದೆ ನಡೆಯುವ ಇಬ್ಬರು ಭಿಕ್ಷುಗಳ ಚೀವರವೂ, ಅಂದರೆ ಅವರು ಹೊದೆಯುವ ಬಟ್ಟೆಯೂ ಆಗಿದೆ. ಕೊನೆಯ ಹುಡುಗ ಇನ್ನೂ ಪೆನ್ಸಿಲ್ ಗೆರೆಯಲ್ಲೇ ಇದ್ದಾನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇವರು ಬರ್ಮಾದ ಕಲಾವಿದರು. 1960ರಲ್ಲಿ ಐರಾವತಿ ನದಿ ಕವಲೊಡೆಯುವ ಕಡೆಯ ದನುಬ್ಯು ಊರಿನಲ್ಲಿ ಹುಟ್ಟಿ, ಯಾಂಗೊನ್‌ನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತವರು. ನಮಗೆ ಬೆನ್ನು ಮಾಡಿ ಬರಿಗಾಲಲ್ಲಿ ನಡೆದು ಹೋಗುವ ಭಿಕ್ಷುಗಳೇ ಇವರ ಗುರುತು. ಸುತ್ತ ಮರವಾಗಲಿ ಪಗೋಡವಾಗಲಿ ಕಾಣುವುದಿಲ್ಲ, ಬರೀ ಹೊಂಬಣ್ಣದ ಬಯಲು.

ಆ ಬಯಲಿಗೇ ಜಾಸ್ತಿ ಹೊತ್ತು ಹಿಡಿಯಿತು. ಒಂದೇ ಸಲ ದಪ್ಪಗೆ ಬಳಿದರೆ ಗೋಡೆಗೆ ಪೇಂಟ್ ಹೊಡೆದ ಹಾಗೆ ಕಾಣುತ್ತದೆ. ಹಾಗಾಗಿ ಜೆಸ್ಸೋ (ಕ್ಯಾನ್ವಾಸಿಗೆ ಮೊದಲು ಹಚ್ಚುವ ಬಿಳಿ ಲೇಪ) ಮೇಲೆ ಮಣ್ಣಿನ ಹಳದಿಯಾದ ಯೆಲ್ಲೋ ಓಕರ್ ತೆಳ್ಳಗೆ ಎಳೆದು, ಒಣಗಿದ ಮೇಲೆ ಹಳದಿ ಕಂದಿನ ರಾ ಸಿಯೆನ್ನಾ, ಮತ್ತೆ ಓಕರ್, ಹೀಗೆ ಪದರ ಪದರವಾಗಿ ಹೋದೆ. ಅಕ್ರಿಲಿಕ್ ಒಣಗಿದಾಗ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಅದಕ್ಕೆ ತುಸು ತಿಳಿಯಾಗಿಯೇ ಕಲಸಿಕೊಳ್ಳಬೇಕು. ಗೋಲ್ಡ್ ಪೇಂಟ್ ಮಾತ್ರ ಮುಟ್ಟಲಿಲ್ಲ. ಅದರ ಮಿಂಚು ನನಗೆ ಆಗಿಬರುವುದಿಲ್ಲ.

ಇನ್ನು ಚೀವರ. ನಮ್ಮಲ್ಲಿ ಭಿಕ್ಷು ಅಂದ ತಕ್ಷಣ ಬೈಲಕುಪ್ಪೆ ನೆನಪಾಗುತ್ತದೆ, ಅಲ್ವಾ? ಆದರೆ ಆ ಟಿಬೆಟನ್ ಉಡುಪಿನ ರೀತಿಯೇ ಬೇರೆ. ಬರ್ಮಾದ ಭಿಕ್ಷುಗಳು ವಿಹಾರದೊಳಗೆ ಬಲಭುಜ ಬಿಟ್ಟು ಹೊದೆಯುತ್ತಾರೆ. ಬೆಳಿಗ್ಗೆ ಭಿಕ್ಷೆಗೆ ಊರೊಳಗೆ ಹೊರಟಾಗ ಎರಡೂ ಭುಜ ಮುಚ್ಚಬೇಕು. ಪಾತ್ರೆ ಹೊಟ್ಟೆಯ ಮುಂದೆ ಇರುತ್ತದೆ, ಹಿಂದಿನಿಂದ ಕಾಣುವುದೇ ಇಲ್ಲ. ಅದರ ಸುಳಿವು ಕೊಡುವುದು ಮೊಣಕೈ. ಬಟ್ಟೆಯೊಳಗೆ ಅದು ಒಂಚೂರು ಹೊರಕ್ಕೆ ಉಬ್ಬಿರುತ್ತದೆ, ಭುಜದಿಂದ ಅಲ್ಲಿಗೆ ಎರಡು ಮೂರು ನೆರಿಗೆ ಓರೆಯಾಗಿ ಎಳೆದಿರುತ್ತವೆ. ಆ ಎಳೆತ ಸರಿಯಾಗಿ ಬಂದರೆ ಪಾತ್ರೆ ಬರೆಯದೆಯೇ ಅದರ ಭಾರ ಗೊತ್ತಾಗುತ್ತದೆ. ಚೀವರಕ್ಕೆ ಕೆಂಗಂದು ಬರ್ನ್ಟ್ ಸಿಯೆನ್ನಾ ಜೊತೆ ಗಾಢ ಕೆಂಪಿನ ಅಲಿಜರಿನ್ ಕ್ರಿಮ್ಸನ್ ಕಲಸಿದೆ. ನೆರಿಗೆಯ ಆಳಕ್ಕೆ ಅದಕ್ಕೇ ಚೂರು ಅಲ್ಟ್ರಾಮರೀನ್ ನೀಲಿ ಸೇರಿಸಿದೆ. ಕಪ್ಪು ಹಾಕಿದರೆ ಬಟ್ಟೆ ಕೊಳೆಯಾದಂತೆ ಕಾಣುತ್ತದೆ.

ಸಾಲನ್ನೂ ಸುಮ್ನೆ ನಿಲ್ಲಿಸಿಲ್ಲ. ಭಿಕ್ಷೆಗೆ ಹೋಗುವಾಗ ವಯಸ್ಸಲ್ಲ, ದೀಕ್ಷೆಯ ಹಿರಿತನ ಲೆಕ್ಕ. ಹಿರಿಯರು ಮುಂದೆ, ಸಾಮಣೇರ (ಇನ್ನೂ ಪೂರ್ಣ ದೀಕ್ಷೆ ಆಗದ) ಹುಡುಗರು ಕೊನೆಗೆ. ಹಿಂದಿನಿಂದ ನೋಡುವ ನಮಗೆ ಹುಡುಗನೇ ಹತ್ತಿರ, ಹಾಗಾಗಿ ಕ್ಯಾನ್ವಾಸಿನಲ್ಲಿ ಅವನೂ ಹೆಚ್ಚುಕಮ್ಮಿ ಹಿರಿಯರಷ್ಟೇ ಎತ್ತರ! ತಲೆ, ಭುಜದ ಅಳತೆ ಮಾತ್ರ ಮಗುವಿನದೇ ಆಗಿರಬೇಕು. ಅದಕ್ಕೇ ಅವನನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಬಾಕಿ ಉಳಿದಿದ್ದು ನೆರಳು. ಮಧ್ಯಾಹ್ನದ ಮೇಲೆ ಇವರಿಗೆ ಊಟ ಇಲ್ಲ, ಭಿಕ್ಷೆಗೆ ಬೆಳಿಗ್ಗೆಯೇ ಹೋಗಬೇಕು. ಎಳೆ ಬಿಸಿಲು ಅಂದರೆ ನೆರಳು ಉದ್ದವೇ. ಭಿಕ್ಷುಗಳ ಕೈಗೆ ಕೊಡೆ ಕೊಡುವುದು ಈ ಚಿತ್ರಕ್ಕೆ ಬೇಡ ಅಂತ ಬಿಟ್ಟೆ. ಮುಂದಿನದರಲ್ಲಿ ಬರ್ಮಾದ ಸನ್ಯಾಸಿನಿಯರು, ಅವರದು ಗುಲಾಬಿ ಬಟ್ಟೆ. ಓಕರ್ ಪಕ್ಕ ಗುಲಾಬಿ ಕಣ್ಣಿಗೆ ಹೊಡೆಯುತ್ತದೆ, ಸದ್ಯ ಚೂರು ಚೂರು ಓಕರ್ ಬೆರೆಸಿ ಹಾಳೆ ಮೇಲೆ ಹಚ್ಚಿ ನೋಡುತ್ತಿದ್ದೇನೆ.